ನಡುಮನೆಯ ಗೋಡೆ

ಹತ್ತು ಗೋಡೆಯಾಚೆಯ ಪಿಸುಮಾತೂ ನನ್ನ ಕಿವಿಗೆ ಬೀಳುತ್ತದೆ. ಬೇಕಾದರೆ ಯಾರನ್ನಾದರೂ ಕೇಳಿ ನೋಡಿ. ಅಂದು ಟೈಲ್ಸ್ ಅಂಗಡಿಯ ಸಾಲು ಅರ್ಧ ಭೂಗೋಳವನ್ನೇ ಸುತ್ತಿತ್ತು. ನನ್ನ ಮುಂದೆ ನಿಂತಿದ್ದ ಅಕ್ಕ-ತಮ್ಮ ಇಬ್ಬರೂ ತಮ್ಮ ಹಳೇ ಮನೆಯ ರಿಪೇರಿ ಮಾತಾಡುತ್ತಿದ್ದರು.

"ನಡುಮನೆ ಗೋಡೆ ಇವತ್ತೇ ಒಡೆಸ್ತಿದ್ದೀನಿ ಅಕ್ಕ. ಇನ್ಮೇಲೆ ಅಡುಗೆಮನೆ ಕಿಟಕಿ ಬೆಳಕು ಮುಂಬಾಗಿಲ ತನಕ ಬರುತ್ತೆ."

"ಅಮ್ಮನಿಗೆ ಹೇಳಿದ್ಯಾ?"

"ಹೇಳೋದೇನು? ಬೆಳಕಾದ್ರೆ ಅವಳಿಗೂ ಒಂಚೂರು ಕಾಣಲಿ ಅಂತಾನೇ ಮಾಡಿಸ್ತಿರೋದು."

"ಡಾಕ್ಟರ್ ಹೇಳಿದ್ದು ಮರೆತ್ಯಾ? ಸೂರ್ಯನ್ನೇ ತಂದು ಮನೇಲಿಟ್ರೂ ಅವಳಿಗಿನ್ನು ಕಾಣಲ್ಲ ಕಣೋ."

"ಹಾಗಂತ ನಾವೆಲ್ಲ ಕತ್ತಲಲ್ಲೇ ಇರ್ಬೇಕಾ?"

"ಆ ಗೋಡೆ ಮೇಲೆ ಕೊಳಕು ಗೆರೆ ಅಂತ ವರ್ಷಾ ವರ್ಷ ಬಣ್ಣ ಹೊಡೆಸ್ತಿದ್ಯಲ್ಲ, ದೊಡ್ಡ ಮನುಷ್ಯ, ಅದು ಯಾರ ಕೈಯಿಂದ ಆಗಿದ್ದು ಅಂದ್ಕೊಂಡೆ?"

"ಅಮ್ಮಂದಾ?" ತಮ್ಮ ಬುಗುರಿಯಂತೆ ತಿರುಗಿದ.

"ಹಾಸಿಗೆಯಿಂದ ಬಚ್ಚಲಿಗೆ ಆ ಗೋಡೆ ಸವರ್ಕೊಂಡೇ ಹೋಗ್ತಾಳೆ. ನಮ್ಮನ್ಯಾರನ್ನೂ ಕರೆಯಲ್ಲ."

ಅವನು ಗಡಿಬಿಡಿಯಲ್ಲಿ ಫೋನ್ ತೆಗೆದ.

"ಮೇಸ್ತ್ರಿ, ಎಷ್ಟು ಒಡೆದ್ರಿ? ಮೇಲಿಂದ ಎದೆಮಟ್ಟಕ್ಕಾ? ಸಾಕು, ಅಲ್ಲೇ ನಿಲ್ಸಿ. ಅಮ್ಮನ್ನ ಕರ್ಕೊಂಡು ಬಂದು ಗೋಡೆ ಮೇಲೆ ಕೈ ಇಡಿಸಿ. ಆ ಕೈಯಿಂದ ಕೆಳಗೆ ಒಂದಿಟ್ಟಿಗೆನೂ ಅಲ್ಲಾಡ್ಬಾರ್ದು. ಹೂಂ, ನಾನೂ ಬರ್ತಿದ್ದೀನಿ."

"ನಡಿ," ಎಂದು ಅಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. ಇಬ್ಬರೂ ಸಾಲು ಬಿಟ್ಟು ಹೊರಟರು.