ಬಾವಿಯ ಪಕ್ಕದ ಬೆಣೆ

ಇದು ನಮ್ಮ ಹಿಂದಿನ ಮನೆಯ ಅಕ್ಕನಿಗೆ ಆದದ್ದು. ಆಣೆ ಇಡಬೇಕಾದ ಕತೆಯಲ್ಲ, ಆ ರೈಲು ಹಳಿ ಇನ್ನೂ ಅಲ್ಲೇ ಇದೆ.

ಆವತ್ತು ಅವಳು ಹೊಲಿಗೆ ಅಂಗಡಿ ಬಿಟ್ಟಾಗ ಊರು ಮಲಗಿತ್ತು. ದಾರಿ ಹಳಿಗುಂಟವೇ. ಹಾಳು ಬಾವಿಯ ಹತ್ತಿರ ನಿಂತಳು... ಸುತ್ತ ನೋಡಿದಳು... ಯಾರೂ ಇಲ್ಲ.

ಹಳಿಯನ್ನು ಬಿಗಿಹಿಡಿಯುವ ಕಬ್ಬಿಣದ ಬೆಣೆಗಳಿರುತ್ತವಲ್ಲ, ಸಡಿಲವಾದವನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತ ಮೈಲಿಗಟ್ಟಲೆ ನಡೆಯುವುದು ಅವರಪ್ಪನ ಕೆಲಸವಾಗಿತ್ತು. ಸರ್ಕಾರಿ ರೈಲು, ಅಪ್ಪ ಸತ್ತರೆ ಮಕ್ಕಳಲ್ಲೊಬ್ಬರಿಗೆ ಆ ಕೆಲಸ. ಚಿಕ್ಕಂದಿನಲ್ಲಿ ಅಪ್ಪನ ಬಾಲದ ಹಾಗೆ ಬಿಸಿಲಲ್ಲಿ ಓಡಿದವಳು ಅಕ್ಕ. ಅಪ್ಪ ಸತ್ತಾಗ ಕೆಲಸ ಸಿಕ್ಕಿದ್ದು ತಂಗಿಗೆ. "ನೀನು ಮದುವೆಯಾಗಿ ಹೋದವಳು, ನಿನಗ್ಯಾಕೆ?" ಅಂದಿದ್ದಳು ಅಮ್ಮ. ಗಂಡ ಬಿಟ್ಟ ಮೇಲೆ ಅಕ್ಕ ತವರಿಗೆ ಮರಳಿ ಕಾಜಾ ಹೊಲಿಯುತ್ತ ಕೂತಳು. ತಂಗಿಯ ಇಲಾಖೆ ಬೂಟು ಬಾಗಿಲಲ್ಲಿ ಟಕಟಕ ಅಂದರೆ ಇವಳ ಬೆರಳಿಗೆ ಸೂಜಿ ಚುಚ್ಚುತ್ತಿತ್ತು.

ಮರುದಿನ ಬೆಳಿಗ್ಗೆ ಹಳಿ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವವನಿದ್ದ. ಒಂದು ಬೆಣೆ ಹೋದರೆ ರೈಲು ಬೀಳಲ್ಲ, ಕೆಲಸ ಹೋಗುತ್ತೆ... ಅಪ್ಪನದೇ ಮಾತು. ಎಲ್ಲಿ ಹೊಡೆದರೆ ಸಡಿಲುತ್ತೆ ಅಂತ ಕಲಿಸಿದವನೂ ಅಪ್ಪನೇ. ಕಲ್ಲು ಎತ್ತಿಕೊಂಡಳು. ಟಕ್... ಟಕ್... ಬಂತು. ಬಾವಿಗೆ ಎಸೆದಳು. ಗುಳುಂ.

ಮನೆಗೆ ಬಂದು ತಂಗಿಯ ಪಕ್ಕದಲ್ಲೇ ಮಲಗಿದಳು. ಕಣ್ಣು ಹತ್ತಬೇಕು, ಅಷ್ಟರಲ್ಲಿ...

ಟಣ್... ಟಣ್... ಟಣ್...

ಹಳಿಯ ಮೇಲೆ ಸುತ್ತಿಗೆ. ದೂರದಿಂದ ಒಂದೊಂದೇ ಬೆಣೆ ಬಡಿಯುತ್ತ ಬರುತ್ತಿತ್ತು. ತಂಗಿ ಪಕ್ಕದಲ್ಲೇ ಇದ್ದಳು. ಅವಳ ಸುತ್ತಿಗೆ ಮೂಲೆಯಲ್ಲಿತ್ತು.

"ಏಯ್... ಕೇಳಿಸ್ತಾ?"

"ಅಪ್ಪ ಕಣೇ." ತಂಗಿ ಮಗ್ಗುಲು ಬದಲಿಸಿದಳು. "ಹಗಲು ನಾನು, ರಾತ್ರಿ ಅವನು. ಇಲ್ದಿದ್ರೆ ನನ್ನಂಥ ಸೋಮಾರಿ ಕೈಲಿ ಆಗ್ತಿತ್ತಾ? ನಿಂಗೆ ಇಷ್ಟು ದಿನ ಕೇಳಿಸ್ತಿರ್ಲಿಲ್ವಾ?"

"...ದಿನಾ ಬರ್ತಾನಾ?"

"ದಿನಾ. ಮಲಕ್ಕೋ ಅಕ್ಕಾ."

ಹೆದರಿಕೆ ಆಮೇಲೆ ಬಂತು. ಮೊದಲು ಉರಿದದ್ದು ಹೊಟ್ಟೆ. ಸತ್ತ ಮೇಲೂ ಇವಳಿಗೇ! ಒಂದೇ ಚಾಪೆಯಲ್ಲಿ ಮಲಗಿದರೂ ಇಷ್ಟು ದಿನ ತನಗೆ ಒಂದು ಟಣ್ ಕೂಡ ಇಲ್ಲ!

ಬಾವಿಯ ನೇರಕ್ಕೆ ಬಂದ ಸದ್ದು ನಿಂತಿತು... ಬಹಳ ಹೊತ್ತು ಏನೂ ಇಲ್ಲ... ಆಮೇಲೆ, ಹಗ್ಗವೇ ಇಲ್ಲದ ಆ ಬಾವಿಯ ರಾಟೆ ಕಿರ್‍ರ್... ಅಂತು.

ಟಣ್.

ಅಷ್ಟೇ. ಅವಳ ಹೆಸರು ಹಿಡಿದು ಕರೆಯಲಿಲ್ಲ. ಬೈಯಲೂ ಇಲ್ಲ. ಸದ್ದು ತನ್ನ ಪಾಡಿಗೆ ಮುಂದೆ ಹೋಯಿತು.

ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದ. ಬಾವಿಯ ಹತ್ತಿರದ ಬೆಣೆಯನ್ನು ಬಗ್ಗಿ ನೋಡಿ ತಂಗಿಯನ್ನು ಕೇಳಿದ, "ಏನಮ್ಮಾ, ಇದೊಂದಕ್ಕೇ ನೀರು ಹಾಕಿದ್ದೀಯಾ? ಗಿಡವಾ ಇದು?"

ಸುತ್ತ ಕಾದ ಜಲ್ಲಿಕಲ್ಲು. ಬೆಣೆ ಇದ್ದಲ್ಲೇ ಬಿಗಿಯಾಗಿ ಕೂತಿತ್ತು. ಒದ್ದೆಯಾಗಿತ್ತು.

ಇವತ್ತಿಗೂ ಒದ್ದೆಯೇ. ತಂಗಿ ಅದೊಂದಕ್ಕೆ ಸುತ್ತಿಗೆ ತಾಕಿಸುವುದಿಲ್ಲ. "ಅದು ಅಕ್ಕಂದು" ಅಂತಾಳೆ. ಅವಳಿಗೆ ಯಾರು ಹೇಳಿದರೋ! ಅಕ್ಕ ಅಂಗಡಿಯಿಂದ ಬರುವಾಗ ಬಗ್ಗಿ ಬೆರಳಿಂದ ಒರೆಸುತ್ತಾಳೆ. ತಂಗಿ ಜೊತೆಗಿದ್ದರೆ ಅವಳಿಗೆ ಅದನ್ನು ಮುಟ್ಟಲೂ ಬಿಡುವುದಿಲ್ಲ.

ಸುಳ್ಳಲ್ಲ. ಮುಟ್ಟಿ ನೋಡಿದವರಿದ್ದಾರೆ... ಅಕ್ಕ ಇಲ್ಲದ ಹೊತ್ತಿನಲ್ಲಿ.