ಇಬ್ಬರಿಗೊಂದೇ ಕನ್ನಡಕ

ಆ ಬೆಳಗ್ಗೆ ಮೋಡ ಮುಸುಕಿತ್ತು, ಗಾಳಿ ಎಂಬುದೇ ಇರಲಿಲ್ಲ. ಶಿವಾಜಿನಗರದ ಬಸ್‌ಸ್ಟಾಂಡಿನಲ್ಲಿ ಕೂತಿದ್ದ ಅಂಜನಮೂರ್ತಿಯವರ ಪಕ್ಕ ನಡುವಯಸ್ಸಿನ ಇಬ್ಬರು ಹೆಂಗಸರು ಹಾಲ್‌ಟಿಕೆಟ್ ಹಿಡಿದು ಬಂದು ಕೂತರು.

“ಎಸ್ಸೆಸ್ಸೆಲ್ಸಿ ಇಬ್ರೂ ಒಂದೇ ಹೊತ್ತಿಗೆ ಬರೀಬೇಕು ಅಂತ ಮೊದ್ಲೇ ಹೊಳೀಲಿಲ್ವಲ್ಲ, ಭೀಮಕ್ಕ!” ಎಂದಳು ಚಿಕ್ಕವಳು.

“ಸಂಜಿ ಕ್ಲಾಸಿನಾಗ ಒಂದ್ ಪುಟ ನೀ ಓದಿ ಚಾಳೀಸ ಕೊಡ್ತಿದ್ದಿ, ಒಂದ್ ಪುಟ ನಾ ಓದ್ತಿದ್ದೆ. ಹಂಗೇ ನಡೀತದ ಅಂದ್ಕೊಂಡ್ವಿ, ಯಮುನಾ.”

“ಮೇಡಂಗಾದ್ರೂ ಹೇಳ್ಬೇಕಿತ್ತು.”

“ಇಬ್ರೂ ಪಾಸಾಗ್ತೀರಿ ಅಂತ ಚಪ್ಪಾಳಿ ಹೊಡಿಸ್ಯಾರ. ಕಣ್ಣು ಕಾಣ್ತಾವೇನು ಅಂತ ಯಾರ್ ಕೇಳ್ಯಾರ?”

“ಕನ್ನಡಕದ ಅಂಗಡಿ ತೆಗೆಯೋಷ್ಟ್ರಲ್ಲಿ ಬೆಲ್ ಹೊಡ್ದಿರುತ್ತೆ. ಇದು ನಿನ್ ಹತ್ರಾನೇ ಇರ್ಲಿ ಅಕ್ಕ. ಪಾಸಾದ್ರೆ ಆಸ್ಪತ್ರೇಲಿ ನಿನ್ ಆಯಾ ಕೆಲಸ ಪರ್ಮನೆಂಟ್ ಆಗುತ್ತೆ.”

“ನಿಂದು?”

“ನಂದೇನು, ಮಗಳಿಗೆ ತೋರ್ಸೋಕೊಂದು ಮಾರ್ಕ್ಸ್ ಕಾರ್ಡು. ಮುಂದಿನ್ ಸಲ ಬರೀತೀನಿ.”

ಭೀಮಬಾಯಿ ಹಾಲ್‌ಟಿಕೆಟನ್ನು ತೋಳುದ್ದ ದೂರ ಹಿಡಿದು ನೋಡಿದಳು.

“ನಾ ಪೇಪರ್ ದೂರ ಹಿಡ್ದು ಓದ್ತೀನಿ. ದೇವ್ರು ಉದ್ದನ ಕೈ ಕೊಟ್ಟಾನ.”

ಬಸ್ಸು ಬಂತು. ಭೀಮಬಾಯಿ ಸೆರಗಿನಿಂದ ಕನ್ನಡಕ ಒರೆಸಿ, ಅದರ ಒಡತಿ ಯಮುನಾಳ ಅಂಗೈಯಲ್ಲಿ ಸದ್ದಿಲ್ಲದೆ ಇಟ್ಟು, ಮೊದಲು ತಾನೇ ಹತ್ತಿದಳು.