ಭಾಗ್ಯಾನ ಕಿವ್ಯಾಗಿನ ಸಪ್ಪಳ

ಲೈಟ್ ಆರಿಸಬ್ಯಾಡ್ರಿ, ಇರ್ಲಿ. ಇದು ಯಾರೋ ಹೇಳಿದ ಕತಿ ಅಲ್ಲ. ಮಕ್ತಲ್‌ದಾಗ ನಮ್ಮ ಚಿಗವ್ವನ ಮಗ ಬಸವಪ್ರಸಾದ ಅದಾನಲ್ಲ, ಅವನ ಹೆಂಡತಿ ಭಾಗ್ಯಜ್ಯೋತಿಗೆ ಆಗಿದ್ದು. ತೆಲಂಗಾಣ ರಾಜ್ಯ ಆದ ಮ್ಯಾಲೆ ಮಕ್ತಲ್ ಹೊಸಾ ನಾರಾಯಣಪೇಟ ಜಿಲ್ಲಾಕ್ಕ ಸೇರಿತಲ್ಲ, ಆ ವರ್ಷ.

ತವರಿಗೆ ಹೋದಾಕಿ ರಾಯಚೂರಿಂದ ಬರೋ ಕಡೀ ಬಸ್ಸಿಗೆ ರಾತ್ರಿ ಬಂದಿಳಿದಳು. ಕೂಸಿನ್ನ ಹೆಗಲಿಗೆ ಹಾಕ್ಕೊಂಡು ಹಾಳುಬಾವಿ ಮಗ್ಗಲ ಹಾದು ಬರಾಕತ್ತಿದ್ದಳು. ಅಲ್ಲಿ ಆಕಿ ಬಲಗಿವ್ಯಾಗ ಶುರುವಾತು. ಸುಂಯ್... ಸುಂಯ್... ಸುಂಯ್... ಎದಿ ಹೆಂಗ ಬಡೀತೈತೋ ಹಂಗ. ನಿಂತ್ರೂ ಸುಂಯ್. ಓಡಿದ್ರ ಇನ್ನೂ ಜೋರು.

ಚಿಗವ್ವ ಶಿವಬಸಮ್ಮ ಅವತ್ತೇ ಕೂಸಿನ್ನ ಕಸಗೊಂಡಳು. ಹಿಂದ ಆ ಬಾವ್ಯಾಗ ಬಿದ್ದು ಸತ್ತ ಹೆಂಗಸೊಬ್ಬಾಕಿ ತನ್ನ ಸೊಸಿ ಕಿವ್ಯಾಗ ಹೊಕ್ಕಾಳಂತ, ಅಂಥಾಕಿ ಮಗ್ಗಲಾಗ ಕೂಸು ಮಲಗಬಾರದಂತ. ಈಚಿ ಖೋಲ್ಯಾಗ ಕೂಸು ಅಳೋದು, ಆಚಿ ಖೋಲ್ಯಾಗ ತಾಯಿ.

ಎಂಕಪ್ಪ ಅಂತ ಮಂತ್ರ ಹಾಕಾಂವ ಬಂದ. ಮೈಯೆಲ್ಲಾ ಸೇಂದಿ ಕುಡಿದ ವಾಸನಿ... ಥೂ. ಆಕಿ ಕೊಳ್ಳಿನ ಬಲಕ್ಕ ಹೆಬ್ಬಟ್ಟು ಒತ್ತಿದ. ಸಪ್ಪಳ ಟಕ್ಕಂತ ನಿಂತಿತು. ಕೈ ತೆಗೆದ... ಸುಂಯ್. "ದೊರಿಕಿಂದಿ" ಅಂದ, ಸಿಕ್ಕಾಕ್ಕೊಂತು ಅಂತ. ನಿಂಬಿಹಣ್ಣು ಹೆಚ್ಚಿ ಅದೇ ಜಾಗಕ್ಕಿಟ್ಟು ಕರಿದಾರದಲೆ ಬಿಗಿದ. ಅಮಾಸಿ ತನಕ ಬಿಚ್ಚಂಗಿಲ್ಲ.

ಸಪ್ಪಳ ಅರ್ಧ ಇಳೀತು. ಅದಕ್ಕ ಎಲ್ಲಾರೂ ನಂಬಿಬಿಟ್ರು. ನಾ ಹೋಗಿ ನೋಡಿದಾಗ ಹಣ್ಣು ಕೊಳೆತು ಕರ್ರಗಾಗಿತ್ತು. ಕೆಳಗ ತೊಗಲು ಸುಲಿದು, ಕೀವು ಕೊಳ್ಳಾಗಿನ ಶಿವದಾರದ ಗುಂಟ ಎದಿ ಮ್ಯಾಲಿನ ಲಿಂಗದ ತನಕ ಇಳಿದಿತ್ತು. ನೊಣ ಹೊಡೆದ್ರೂ ಏಳಲಿಲ್ಲ. ನಮ್ಮ ಮಂದಿ ಮ್ಯಾಲೇ ನನಗ ಹೇಸಿಕಿ ಬಂತು.

ಭಾಗ್ಯಾ ಪಿಸುಗುಟ್ಟಿದಳು. "ಅಕ್ಕಾರ... ದೆವ್ವ ಇದ್ರ ಇರ್ಲಿರಿ. ನನ್ನ ಕೂಸು ಕೊಡಸ್ರಿ."

ದಾರ ನಾನೇ ಕತ್ತರಿಸಿದೆ. ಹೈದರಾಬಾದಿಗೆ ಕರಕೊಂಡು ಹೋದ್ವಿ. ಡಾಕ್ಟರು ಸ್ಕ್ಯಾನ್ ನೋಡಿ, ತಲಿಯಾಗಿಂದ ರಕ್ತ ಕೆಳಗ ಇಳಿಯೋ ನರ ಒಂದ್ಕಡಿ ಸಣ್ಣಾಗೇತಿ, ಅಲ್ಲಿ ರಕ್ತ ನುಗ್ಗೋದೇ ಕೇಳಸ್ತೈತಿ ಅಂದ್ರು. ಕೊಳ್ಳು ಒತ್ತಿದ್ರ ಆ ಹರಿವು ತಡೀತೈತಿ, ಸಪ್ಪಳಾನೂ ನಿಲ್ತೈತಿ. ಎಂಕಪ್ಪ ಹಿಡಿದಿದ್ದು ಅಷ್ಟೇ. ಗಾಯ ಮಾಯ್ದ ಮ್ಯಾಲೆ ತೊಡಿ ನರದಾಗಿಂದ ತಂತಿ ಏರಿಸಿ, ಸಣ್ಣಾದಲ್ಲಿ ಜಾಲರಿ ನಳಿಗಿ, ಅದೇ ಸ್ಟೆಂಟ್ ಅಂತಾರಲ್ಲ, ಅದನ್ನ ಕೂಡಿಸಿದ್ರು. ಎಚ್ಚರಾದಾಕಿ ಸುಮ್ಮನ ಕೇಳಿಸ್ಕೊಂತ ಮಲಗಿದಳು. ಸಪ್ಪಳ ಏನೂ ಇಲ್ಲ. ಆಮ್ಯಾಲೆ ಅತ್ತಳು.

ಊರಿಗೆ ಬಂದ ಮ್ಯಾಲೆ ಚಿಗವ್ವ ಕೂಸು ಕೊಟ್ಟಳು. ಅದು ತಾಯಿ ಕೊಳ್ಳಿಗೆ ಕಿವಿ ಹಚ್ಚಿ ಏನೋ ಹುಡುಕಿದಂಗ ಮಾಡಿತು, ಹೆಗಲ ಮ್ಯಾಲ ನಿಲ್ಲಲೇ ಇಲ್ಲ. ಅತ್ತು ಅತ್ತು ಜಾರಿ ಇಳಿದು, ಅಂಬೆಗಾಲಿಕ್ಕಿ ಹಿತ್ತಲಕ್ಕ ಹೋತು. ದಾರ ಕಟ್ಟಿದಾಗ ಭಾಗ್ಯಾ ಮಲಗ್ತಿದ್ದ ಹಳೇ ತಲಿದಿಂಬು ಅಲ್ಲಿ ಬಿದ್ದಿತ್ತು, ಕೀವು ಒಣಗಿ ಬಿರುಸಾಗಿದ್ದು. ಅದರ ಮ್ಯಾಲ ಕಿವಿ ಇಟ್ಟು ಕೂಸು ನಿದ್ದಿ ಹೋತು. ಅಸಹ್ಯ ಅನಿಸಿ ಎತ್ತಾಕ ಬಗ್ಗಿದೆ...

ದಿಂಬಿನ್ಯಾಗ ಅದೇ ಸಪ್ಪಳ, ಸುಂಯ್... ಸುಂಯ್...

ಮಟಮಟ ಮಧ್ಯಾಹ್ನ. ನನ್ನ ಕಿವಿಲೇ ಕೇಳೀನಿ, ಸುಳ್ಳಲ್ಲ. ಬೇಕಾದ್ರ ಮಕ್ತಲ್‌ಗೆ ಹೋಗಿ ನೋಡಿ ಬರ್ರಿ. ಭಾಗ್ಯಾ ಆ ದಿಂಬಿಗೆ ಹೊಸಾ ಗಲೀಫ ಹಾಕಿ ಇಟ್ಟಾಳ. ಕೂಸು ದೊಡ್ಡದಾದ್ರೂ ಅದಿಲ್ದ ಇವತ್ತಿಗೂ ಮಲಗಂಗಿಲ್ಲ.